ಹಿಡಿಯಕ್ಕಿಯ ಭಾನುವಾರಗಳು

ಮೈಸೂರಿನಲ್ಲಿ ಮೊದಲ ಸಲ ಒಂದು ದೊಡ್ಡ ಚರ್ಚಿನೊಳಗೆ ಕಾಲಿಟ್ಟಾಗ ನನಗೆ ಏಳೋ ಎಂಟೋ ವರ್ಷ. ಎತ್ತರದ ಕಮಾನು, ಬಣ್ಣದ ಗಾಜು, ಉಜ್ಜಿ ಉಜ್ಜಿ ಹೊಳಪು ಬಂದ ಬೆಂಚುಗಳು, ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡಿದೆ. ನೋಡಿ ಮುಗಿಸಿ ಅಮ್ಮನ ಸೆರಗು ಜಗ್ಗಿ ಕೇಳಿದೆನಂತೆ.

"ಅಮ್ಮಾ, ಇವರು ಅಡುಗೆ ಎಲ್ಲಿ ಮಾಡ್ತಾರೆ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳಂತೆ. ನಾನೇನೂ ತಮಾಷೆ ಮಾಡಿರಲಿಲ್ಲ. ಒಲೆ ಇಲ್ಲದ ಸಭೆಯನ್ನು ಅಲ್ಲಿಯವರೆಗೆ ನಾನು ಕಂಡೇ ಇರಲಿಲ್ಲ. ನಂಜನಗೂಡಿನಲ್ಲಿ ನಮ್ಮ ಪಂಗಡದವರು ಅಂತ ಇದ್ದದ್ದೇ ಆರು ಮನೆ. ಆ ಆರು ಮನೆಯೂ ಭಾನುವಾರ ಬಂದು ಸೇರುತ್ತಿದ್ದದ್ದು ನಮ್ಮ ನಡುಮನೆಯಲ್ಲಿ. ಕಪಿಲೆಗೆ ಇಳಿಯುವ ಬೀದಿಯ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆಯ ಹೆಂಚಿನ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅದಕ್ಕೆ ಅಂಟಿಕೊಂಡಂತೆ ಒಂದು ಒಳಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಮನೆಯ ಯಜಮಾನರು ದೇವಸ್ಥಾನದ ಕಡೆಯ ಮನೆತನದ ಒಬ್ಬ ವಯಸ್ಸಾದ ಪಂಡಿತರು. ಮನೆ ಕೊಡುವಾಗ ಅವರು ಅಪ್ಪನಿಗೆ ಹಾಕಿದ್ದು ಒಂದೇ ಷರತ್ತು.

"ಮೇಷ್ಟ್ರೇ, ನೀವು ಯಾವ ದೇವರನ್ನಾದ್ರೂ ಕರ್ಕೊಳ್ಳಿ, ನಂದೇನೂ ತಕರಾರಿಲ್ಲ. ಒಲೆ ಮೇಲೆ ಮಾಂಸ ಮಾತ್ರ ಇಡಬೇಡಿ."

ನಮ್ಮ ಕಡೆಯ ಜನ ದೇವರ ವಿಷಯದಲ್ಲಿ ಧಾರಾಳಿಗಳು, ತಕರಾರೆಲ್ಲ ಊಟದ್ದೇ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅಪ್ಪನ ಜೀವ ಹಿಂಡಿ ಹಿಪ್ಪೆಯಾಗಿತ್ತು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ನಡುಮನೆ ನಮ್ಮದಾಗಿ ಉಳಿದಿರುತ್ತಿರಲಿಲ್ಲ. ಮಂಚ ಒಳಕೋಣೆ ಸೇರುತ್ತಿತ್ತು, ಒಗೆದ ಬಟ್ಟೆಯ ಹಗ್ಗ ಬಿಚ್ಚಿ ಸುತ್ತಿಡುತ್ತಿದ್ದರು, ಗಾರೆ ನೆಲ ಒರೆಸಿ ನೀಲಿ ಪಟ್ಟೆಯ ಜಮಖಾನ ಹಾಸುತ್ತಿದ್ದರು. ನಿನ್ನೆ ರಾತ್ರಿ ನಾನು ಹೋಮ್‌ವರ್ಕ್ ಮಾಡದೆ ಏಟು ತಿಂದ ಅದೇ ಜಾಗದಲ್ಲಿ ಈಗ ದೇವರು ಬಂದು ಕೂರುತ್ತಾನಲ್ಲ ಎಂದು ನನಗೆ ಸಂಕೋಚವಾಗುತ್ತಿತ್ತು. ಅಪ್ಪ ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಊರಿಗೆಲ್ಲ ಯೋಹಾನ ಮೇಷ್ಟ್ರು. ವಾರವೆಲ್ಲ ಮಗ್ಗಿ ತಪ್ಪಿದವರ ಕಿವಿ ಹಿಂಡುವ ಮನುಷ್ಯ, ಬಿಳಿ ಜುಬ್ಬ ತೊಟ್ಟು ಜಮಖಾನದ ತುದಿಯಲ್ಲಿ ಕೂತರೆ ಬೇರೆ ಯಾರೋ ಆಗಿಬಿಡುತ್ತಿದ್ದರು. ನಮ್ಮ ಅಯ್ಯನವರು ಪ್ರಾರ್ಥನೆ ನಡೆಸಲು ಮೈಸೂರಿನಿಂದ ಬರುತ್ತಿದ್ದದ್ದು ತಿಂಗಳಿಗೊಂದು ಸಲ. ಮಿಕ್ಕ ವಾರಗಳಲ್ಲಿ ಓದುವುದೂ ಅರ್ಥ ಹೇಳುವುದೂ ಅಪ್ಪನ ಪಾಲಿಗೆ. ಆ ವರ್ಷ ಅವರು ಹಿಡಿದದ್ದು ಏಸುವಿನ ಶಿಷ್ಯರು ಮೊಟ್ಟಮೊದಲ ಸಭೆಗಳನ್ನು ಕಟ್ಟಿದ ಕಥೆ. ಪಕ್ಕದ ದೊಡ್ಡ ದೇವಸ್ಥಾನದಲ್ಲಿ ಪೂಜೆಯ ಗಂಟೆ ಶುರುವಾದರೆ ಅಪ್ಪ ಮಾತು ನಿಲ್ಲಿಸಿ ತಾಳ್ಮೆಯಿಂದ ಕಾಯುತ್ತಿದ್ದರು. ಗಂಟೆ ನಿಂತ ಮೇಲೆ, ಬಿಟ್ಟ ಅಕ್ಷರದಿಂದಲೇ ಮತ್ತೆ ಹಿಡಿಯುತ್ತಿದ್ದರು.

"ಅವರಿಗೆ ಗೋಪುರ ಇರಲಿಲ್ಲ, ಗಂಟೆ ಇರಲಿಲ್ಲ. ಬೆನ್ನ ಹಿಂದೆ ರಾಜ ಇರಲಿಲ್ಲ, ಎದುರುಗಡೆ ಇದ್ದ. ಮತ್ತೆ ಏನಿತ್ತು? ಮನೆಗಳಿದ್ದವು. ಯಾರೋ ಒಬ್ಬಳು ಬಾಗಿಲು ತೆಗೆದಳು, ಒಳಗೆ ಬನ್ನಿ ಅಂದಳು, ಊಟಕ್ಕಿಕ್ಕಿದಳು. ಅಷ್ಟೇ ನೋಡಿ ಸಭೆ ಅಂದರೆ."

ನನ್ನ ಮೈ ಜುಮ್ಮೆನ್ನುತ್ತಿತ್ತು. ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬ ಹೆಂಗಸು ಹೊಳೆಯ ದಂಡೆಯಲ್ಲಿ ಪೌಲನ ಮಾತು ಕೇಳಿ, ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು ಎಂದು ಅಪ್ಪ ಹೇಳಿದ ಮಾರನೆಯ ದಿನ ನಾನು ಕಪಿಲೆಯ ಸೋಪಾನದ ಮೇಲೆ ನಿಂತು, ಬಟ್ಟೆ ಒಗೆಯುವವರಲ್ಲಿ ನೇರಳೆ ಸೀರೆಯವಳು ಯಾರು ಎಂದು ಹುಡುಕಿದ್ದೇನೆ. ಪೌಲ ಸಮುದ್ರ ದಾಟಿದ ಅಂದರೆ ನನಗೆ ಕಾಣುತ್ತಿದ್ದದ್ದು ತಲಕಾಡಿನ ಕಡೆಯ ಹರಿಗೋಲು. ಬೆಳಿಗ್ಗೆ ಬೆಂಕಿಪೊಟ್ಟಣ ಮುಗಿದರೆ ಪಕ್ಕದ ಮನೆಗೆ ಓಡಿ ಸೌಟಿನಲ್ಲಿ ಕೆಂಡ ತರುತ್ತಿದ್ದೆವಲ್ಲ, ಹಾಗೆಯೇ ಒಂದು ಮನೆಯ ಒಲೆಯಿಂದ ಇನ್ನೊಂದು ಮನೆಯ ಒಲೆಗೆ ಅದು ಹಬ್ಬಿ ಹಬ್ಬಿ, ಎಷ್ಟೋ ರಾಜ್ಯ ದಾಟಿ, ಕೊನೆಗೆ ನಮ್ಮ ಓಣಿಗೂ ಬಂದಿದೆ ಎಂದು ನೆನೆದರೆ ಈಗಲೂ ನನಗೆ ಉಸಿರು ಕಟ್ಟುತ್ತದೆ.

ಆ ಕಥೆಗೆ ನಮ್ಮ ಮನೆಯಲ್ಲಿ ಸಾಕ್ಷಿಯೂ ಇತ್ತು. ಅದೇ ಹಿಡಿಯಕ್ಕಿ. ನಮ್ಮವರ ಮನೆಗಳಲ್ಲಿ ಅನ್ನಕ್ಕಿಡುವಾಗಲೆಲ್ಲ, ಅಕ್ಕಿ ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ದೇವರ ಪಾಲು ಎಂದು ಬೇರೆ ಮಡಕೆಗೆ ಹಾಕುತ್ತಿದ್ದರು. ಭಾನುವಾರ ಅದನ್ನು ಬಟ್ಟೆಯಲ್ಲಿ ಕಟ್ಟಿ ತರಬೇಕು. ಬೇರೆ ಊರುಗಳಲ್ಲಿ ಅದನ್ನು ಮಾರಿ ಸಭೆಯ ಖರ್ಚಿಗೆ ಹಾಕುತ್ತಿದ್ದರಂತೆ. ನಮ್ಮಲ್ಲಿ ಹಾಗಲ್ಲ. ಪ್ರಾರ್ಥನೆ ಮುಗಿದ ಮೇಲೆ ಆರೂ ಮನೆಯ ಅಕ್ಕಿಯನ್ನು ಒಂದೇ ಮೊರಕ್ಕೆ ಸುರಿದು, ಆರಿಸಿ, ಒಂದೇ ತಪ್ಪಲೆಯಲ್ಲಿ ಬೇಯಿಸಿ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಹೇಳುವುದಕ್ಕೆ ಚೆಂದ, ಉಣ್ಣುವುದಕ್ಕೆ ಅಷ್ಟೊಂದು ಚೆಂದವಲ್ಲ. ಒಬ್ಬರ ಮನೆಯದು ರೇಷನ್ ಅಕ್ಕಿ, ಒಬ್ಬರದು ಗದ್ದೆಯ ಕೆಂಪಕ್ಕಿ, ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರ ಮನೆಯದು ಸಣ್ಣಕ್ಕಿ, ಇನ್ನೊಬ್ಬರದು ಬರೀ ನುಚ್ಚು. ನುಚ್ಚು ಕರಗಿ ಗಂಜಿಯಾಗುವ ಹೊತ್ತಿಗೂ ಕೆಂಪಕ್ಕಿ ಕಾಳುಕಾಳಾಗಿ ಹಲ್ಲಿಗೆ ಸಿಗುತ್ತಿತ್ತು. ಅಮ್ಮ ಅಷ್ಟು ವರ್ಷ ಬೇಯಿಸಿದರೂ ಆ ಅನ್ನ ಒಂದು ದಿನವೂ ಸಮನಾಗಿ ಬೆಂದದ್ದಿಲ್ಲ. ಆದರೂ ಆ ತಪ್ಪಲೆಯ ಮುಚ್ಚಳ ತೆಗೆದಾಗ ಬರುತ್ತಿದ್ದ ಹಬೆಯ ಮುಂದೆ ದೊಡ್ಡವರೆಲ್ಲ ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ನಾನೂ ಸುಮ್ಮನಾಗುತ್ತಿದ್ದೆ.

ನುಚ್ಚು ತರುತ್ತಿದ್ದವಳು ಸಿದ್ದಮ್ಮ. ಊರಾಚೆಯ ಕೇರಿಯವಳು, ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅದೇ ಆಸ್ಪತ್ರೆಯಲ್ಲಿ ಅಮ್ಮ ನರ್ಸು. ಊರಿನ ಅರ್ಧ ಮಕ್ಕಳು ಭೂಮಿಗೆ ಬಿದ್ದದ್ದು ಇವರಿಬ್ಬರ ಕೈಗೆ. ಹುಟ್ಟುವಾಗ ಸಿದ್ದಮ್ಮನ ಕೈ ಬೇಕಿತ್ತು, ಆಮೇಲೆ ಆ ಮನೆಗಳ ಹೊಸಿಲು ಅವಳಿಗೆ ಇರಲಿಲ್ಲ. ಅಮ್ಮನಿಗೆ ಈ ಹೊಸಿಲಿನ ಲೆಕ್ಕವೇ ತಿಳಿಯುತ್ತಿರಲಿಲ್ಲ. ಅಮ್ಮ ಬೆಳೆದದ್ದು ಮೈಸೂರಿನ ಒಂದು ಅನಾಥಾಲಯದಲ್ಲಿ. ಯಾರೋ ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಟ್ಟುಹೋದ ಮಗು ಅವಳು. ಕುಲ ಗೊತ್ತಿಲ್ಲ, ಊರು ಗೊತ್ತಿಲ್ಲ. ಹಾಗಾಗಿ ನೆಂಟರನ್ನೆಲ್ಲ ಅವಳೇ ಆರಿಸಿ ಮಾಡಿಕೊಂಡಳು. ಸಿದ್ದಮ್ಮನನ್ನು ನಾನು ಹೆಸರು ಹಿಡಿದು ಕರೆದದ್ದಕ್ಕೆ ಒಂದು ದಿನ ಬೆನ್ನಿಗೆ ಬಿತ್ತು.

"ದೊಡ್ಡಮ್ಮ ಅನ್ನು. ನನಗಿಂತ ದೊಡ್ಡೋರು ಅವರು."

ಹೀಗೆ ದೊಡ್ಡಪ್ಪನೇ ಇಲ್ಲದೆ ನನಗೊಬ್ಬಳು ದೊಡ್ಡಮ್ಮ ಸಿಕ್ಕಿದಳು. ದೊಡ್ಡಪ್ಪ ಸಿಕ್ಕಿದ್ದು ಆ ವರ್ಷ.

ಅವತ್ತೂ ಭಾನುವಾರ. ಪ್ರಾರ್ಥನೆ ಮುಗಿದು ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಬಾಗಿಲಲ್ಲಿ ಎತ್ತರದ ಒಬ್ಬರು ನಿಂತರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಪಾದದ ಮೇಲೆಲ್ಲ ಬಸ್ಸಿನ ಧೂಳು.

"ಪುಟ್ಟಸ್ವಾಮಿ ಮನೆ ಇದೇಯೇನವ್ವ?"

"ಅಲ್ಲ, ಇದು ಯೋಹಾನ ಮೇಷ್ಟ್ರ ಮನೆ," ಅಂದೆ.

ಅವರು ಬಗ್ಗಿ ನನ್ನ ಮುಖವನ್ನೇ ನೋಡಿದರು.

"ನಿನ್ ಮೂಗ್ ನೋಡುದ್ರೆ ಇದೇಯ ಅನ್ನುಸ್ತದೆ ಕಣವ್ವ."

ಹಿಂದಿನಿಂದ ಅಪ್ಪ ಓಡಿ ಬಂದರು. "ಅಣ್ಣಯ್ಯ" ಎಂದವರೇ ಜಗಲಿಗೆ ಚಾಪೆ ತಂದು ಹಾಸಿದರು. ಅಪ್ಪನಿಗೆ ಅಣ್ಣ ಇದ್ದಾರೆ, ಮುಡುಕುತೊರೆಯ ಹತ್ತಿರದ ಒಂದು ಊರಿನಲ್ಲಿ ಗದ್ದೆ ಮನೆ ಇದೆ, ತಾಯಿ ಇದ್ದಾಳೆ, ಆ ಮನೆಯಲ್ಲಿ ಅಪ್ಪನ ಹೆಸರು ಪುಟ್ಟಸ್ವಾಮಿ, ಇದೆಲ್ಲ ನನಗೆ ತಿಳಿದದ್ದು ಆ ಒಂದು ಬೆಳಿಗ್ಗೆಯಲ್ಲಿ. ಮೈಸೂರಿಗೆ ಓದಲು ಹೋದ ಮಗ ದೀಕ್ಷಾಸ್ನಾನ ತೆಗೆದುಕೊಂಡು, ಕುಲ ಗೊತ್ತಿಲ್ಲದ ಹುಡುಗಿಯನ್ನು ಮದುವೆಯಾದನೆಂದು ಹನ್ನೆರಡು ವರ್ಷದಿಂದ ಅಲ್ಲಿಯವರು ಅಪ್ಪನ ಹೆಸರೆತ್ತಿರಲಿಲ್ಲ. ನನಗೆ ಇನ್ನೂ ಸೋಜಿಗವಾದದ್ದು ಅಪ್ಪನ ನಾಲಗೆ. ವ್ಯಾಕರಣ ತಪ್ಪಿದರೆ ಸಿಡುಕುತ್ತಿದ್ದ ಮೇಷ್ಟ್ರು ಅಣ್ಣನನ್ನು ಕಂಡ ಗಳಿಗೆಯಲ್ಲೇ ಹಳ್ಳಿಯನ್ನು ಅಳ್ಳಿ ಮಾಡಿಬಿಟ್ಟರು.

ದೊಡ್ಡಪ್ಪ ಜಗಲಿಯ ಮೇಲೆ ಕೂತು ಬಂದ ವಿಷಯ ಹೇಳಿದರು. ನಾನು ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡೆ.

"ಅವ್ವ ಎದ್ ಓಡಾಡಿ ತಿಂಗ್ಳಾಯ್ತು ಕಣ್ಲಾ. ಕಣ್ಣೂ ಮಂಜಾಗವೆ. ನಿನ್ನೇ ಕೇಳ್ತಳೆ. ಕುಲಸ್ಥರ್ನೆಲ್ಲ ಕುಂಡ್ರುಸ್ಕಂಡು ಮಾತಾಡಿವ್ನಿ. ಯಾವ್ ದ್ಯಾವ್ರಾರ ಇಟ್ಕೊ, ಯಾರೂ ಏನೂ ಅನ್ನಕಿಲ್ಲ. ಕೇರಿಯೋರ್ ಜೊತೆ ಕುಂತ್ ಉಣ್ಣೋದ್ ಒಂದ್ ಬುಟ್ಬುಡು. ಬುಟ್ಟಿವ್ನಿ ಅಂತ ಅವ್ವನ್ ಮುಂದೆ ಒಂದ್ ಮಾತ್ ಏಳು, ಅಷ್ಟೇಯ. ಮುಂದ್ಲ ಬಾನ್ವಾರ ಬಂದು ಕರ್ಕಂಡೋಯ್ತೀನಿ."

ಅಷ್ಟರಲ್ಲಿ ಒಳಗಿನಿಂದ ಸಿದ್ದಮ್ಮ ನೀರಿನ ಚೊಂಬು ಹಿಡಿದು ಹೊಸಿಲವರೆಗೆ ಬಂದವಳು, ಹೊಸಬರನ್ನು ಕಂಡು ಹಾಗೆಯೇ ಹಿಂದಕ್ಕೆ ಸರಿದಳು.

"ಆಯಮ್ಮ ಯಾರವ್ವ?" ದೊಡ್ಡಪ್ಪ ನನ್ನನ್ನು ಕೇಳಿದರು.

"ನಮ್ಮ ದೊಡ್ಡಮ್ಮ."

ದೊಡ್ಡಪ್ಪ ಕಣ್ಣು ಕಣ್ಣು ಬಿಟ್ಟರು. ಅಪ್ಪ ನನ್ನನ್ನು ಒಳಗೆ ಅಟ್ಟಿದರು. ಆಮೇಲೆ ಅಪ್ಪ ಮಾಡಿದ ಕೆಲಸವನ್ನು ನಾನು ಇವತ್ತಿಗೂ ಮರೆತಿಲ್ಲ. ಅಡುಗೆಮನೆಗೆ ಬಂದು, ಯಾರ ಮುಖವನ್ನೂ ನೋಡದೆ, ಡಬ್ಬದಿಂದ ನಮ್ಮ ಮನೆಯ ಸಣ್ಣಕ್ಕಿ ತೆಗೆದು, ತಾವೇ ಸೀಮೆಎಣ್ಣೆ ಸ್ಟೌವಿನ ಮೇಲೆ ಚಿಕ್ಕ ಪಾತ್ರೆಯಲ್ಲಿ ಬೇರೆ ಅನ್ನಕ್ಕಿಟ್ಟರು. ಒಳಕೋಣೆಯಲ್ಲಿ ಮಂಚ ಸರಿಸಿ ಎರಡು ಎಲೆ ಹಾಕಿದರು. ಅಣ್ಣನನ್ನು ಕರೆದುಕೊಂಡು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿದರು. ನಡುಮನೆಯಲ್ಲಿ ಸಾಲು ಕೂತಿತ್ತು, ಹಿಡಿಯಕ್ಕಿ ಅನ್ನ ಎಲೆಗೆ ಬಿದ್ದಿತ್ತು. ಊಟಕ್ಕೆ ಮುಂಚಿನ ಪ್ರಾರ್ಥನೆ ಯಾವಾಗಲೂ ಅಪ್ಪನದೇ. ಅಪ್ಪನ ಎಲೆ ಖಾಲಿ. ಎಲ್ಲರೂ ಕಾದರು. ಒಳಕೋಣೆಯಲ್ಲಿ ಸಾರು ಸುರಿಯುವ ಸದ್ದು ಕೇಳಿಸಿತು. ಅನ್ನ ಆರುತ್ತಿತ್ತು. ಕೊನೆಗೆ ಸಿದ್ದಮ್ಮ ಕಣ್ಣು ಮುಚ್ಚಿದಳು.

"ಸ್ವಾಮಿ, ಅನ್ನ ಕೊಟ್ಟಿದ್ದೀಯೆ, ಇಲ್ಲಿರೋರ್ಗೆಲ್ಲ ಕೊಟ್ಟಿದ್ದೀಯೆ. ಒಳಗವ್ರಲ್ಲ, ಅವರ್ಗೂವೆ ದಕ್ಕುಸು."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅವತ್ತು ಸಾರಿಗೆ ಬಿದ್ದಿದ್ದದ್ದೂ ಬದನೆಕಾಯಿಯೇ. ದೊಡ್ಡವಳಾದ ಮೇಲೆ ಅದನ್ನು ನೆನೆದು ನಾನೊಬ್ಬಳೇ ನಕ್ಕಿದ್ದೇನೆ. ಅವತ್ತು ನಗುವಂಥದ್ದೇನೂ ಇರಲಿಲ್ಲ. ದೊಡ್ಡಪ್ಪ ಬಸ್ಸಿಗೆ ಹೊರಟರು, ಸಭೆಯವರೂ ಸದ್ದಿಲ್ಲದೆ ಹೊರಟರು. ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ತಪ್ಪಲೆ ಬೆಳಗುತ್ತಾ ಕೂತಿದ್ದಳು. ಅಪ್ಪ ಬಾವಿಕಟ್ಟೆಯ ಹತ್ತಿರ ನಿಂತರು. ಜಗಳವೆಂದರೆ ದನಿ ಏರಬೇಕು ಎಂದುಕೊಂಡಿದ್ದ ನನಗೆ, ದನಿ ಏರದ ಜಗಳ ಕಂಡದ್ದು ಅದೇ ಮೊದಲು.

"ಅಂತಿಯೋಕ್ಯದಲ್ಲಿ ಪೇತ್ರ ಏನು ಮಾಡಿದ? ನೀವೇ ಹೇಳಿಕೊಟ್ಟಿದ್ದು ನನಗೆ."

ಅಮ್ಮ ತಪ್ಪಲೆಯನ್ನು ಉಜ್ಜುತ್ತಲೇ ಮುಂದುವರಿಸಿದಳು.

"ಬೇರೆ ಜಾತಿಯವರ ಜೊತೆ ಕೂತು ದಿನಾ ಉಣ್ತಿದ್ದ. ಯೆರೂಸಲೇಮಿನಿಂದ ನಾಲ್ಕು ಜನ ಅವನ ಕಡೆಯವರು ಬಂದರು. ಅವರೇನಂದುಕೊಳ್ಳುತ್ತಾರೋ ಅಂತ ಎದ್ದು ಹೋದ. ಅಷ್ಟು ದೊಡ್ಡವನು! ಪೌಲ ಎಲ್ಲರ ಎದುರೇ ಅವನನ್ನು ನಿಲ್ಲಿಸಿ ಕೇಳಿದ. ನಾನು ಎಲ್ಲರ ಎದುರು ಕೇಳ್ತಿಲ್ಲ."

"ಶಾಂತಾ, ನನಗೆ ತಾಯಿ ಇದ್ದಾಳೆ."

ತಪ್ಪಲೆಯ ಸದ್ದು ನಿಂತಿತು.

"ಇದ್ದಾರೆ. ಹೋಗಿ ನೋಡಿ, ಬೇಡ ಅನ್ನಲ್ಲ. ಆದರೆ ನನಗೆ ಇರೋದು ಆ ಸಾಲು ಒಂದೇ ಕಣ್ರೀ."

ಅಲ್ಲಿಗೆ ಮಾತು ಮುಗಿಯಿತು. ಆ ವಾರವಿಡೀ ಅಪ್ಪ ಯಾರ ಕಿವಿಯನ್ನೂ ಹಿಂಡಲಿಲ್ಲವೆಂದು ಅವರ ಸ್ಕೂಲಿನ ಹುಡುಗರು ನನಗೆ ಬಂದು ಸಂತೋಷದಿಂದ ವರದಿ ಮಾಡಿದರು. ಬುಧವಾರ ಸಂಜೆ ಡ್ಯೂಟಿ ಮುಗಿಸಿದ ಸಿದ್ದಮ್ಮ ನೆಟ್ಟಗೆ ನಮ್ಮ ಜಗಲಿಗೆ ಬಂದಳು. ಅಪ್ಪ ಕೆಂಪು ಇಂಕಿನ ಪೆನ್ನು ಹಿಡಿದು ನೋಟ್‌ಬುಕ್ ತಿದ್ದುತ್ತಿದ್ದವರು ತಲೆ ಎತ್ತಲಿಲ್ಲ.

"ಸಾ, ನಂಗೇನ್ ಸಿಟ್ಟಿಲ್ಲ ಕಣ್ ಸಾ. ಇದೇನ್ ನಂಗೆ ವಸ್ದಾ? ಬಾನ್ವಾರ ನಿಮ್ಮಣ್ಣೋರ್ ಬಂದಾಗ ನಾನು ಇತ್ಲಲ್ಲೇ ಎಲೆ ಆಕ್ಕಂಡ್ ಉಂಡ್ಕತೀನಿ. ಒಂದೊತ್ತು ತಾನೆ. ನೀವು ಅವ್ವನ್ ಮಕ ನೋಡ್ಕಂಡ್ ಬನ್ನಿ. ಎತ್ತೋಳು ಇನ್ನೊಬ್ಳು ಸಿಕ್ಕಾಕಿಲ್ಲ."

ಅಪ್ಪ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಅತ್ತ ದರಿ ಇತ್ತ ಪುಲಿ ಎನ್ನುವುದಾದರೆ ಒಂದು ಲೆಕ್ಕಕ್ಕೆ ಸುಲಭ, ಎರಡೂ ಕಡೆ ಇರುವುದು ಕೆಟ್ಟದ್ದೇ. ಅಪ್ಪನಿಗೆ ಎರಡೂ ಕಡೆ ಇದ್ದದ್ದು ತಾಯಂದಿರು. ಅದರಲ್ಲೂ ಈ ಕಡೆಯವಳು, ನೀನು ಹೋಗು ಎಂದು ತಾನಾಗಿ ದಾರಿ ಬಿಟ್ಟುಕೊಟ್ಟಿದ್ದಳು. ಆ ದೊಡ್ಡತನದ ಮುಂದೆ ಅಪ್ಪ ಎಷ್ಟು ಚಿಕ್ಕವರಾಗಿ ಕೂತಿದ್ದರೆಂದರೆ ನನಗೆ ನೋಡಲಾಗದೆ ಒಳಗೆ ಹೋದೆ.

ಭಾನುವಾರ ದೊಡ್ಡಪ್ಪ ಬೇಗ ಬಂದರು. ಒಳಗೆ ಬಾರದೆ ಜಗಲಿಯಲ್ಲೇ ಕಿಟಕಿಗೆ ಬೆನ್ನು ಮಾಡಿ ಕೂತರು. ಅಪ್ಪ ಅವತ್ತು ಓದಿದ್ದು ಪೇತ್ರ ಎದ್ದು ಹೋದ ಕಥೆಯನ್ನೇ. ಓದಿ ಪುಸ್ತಕ ಮುಚ್ಚಿದರು.

"ಪೇತ್ರ ಎದ್ದು ಹೋದ. ಹೋದ ವಾರ ನಾನೂ ಎದ್ದು ಹೋದೆ. ಅರ್ಥ ಹೇಳೋದಕ್ಕೆ ನನ್ನ ಹತ್ತಿರ ಇಷ್ಟೇ ಇರೋದು."

ಅಯ್ಯನವರ ಒಂದು ಗಂಟೆಯ ಪ್ರಸಂಗಗಳನ್ನು ನಾನು ಎಷ್ಟೋ ಕೇಳಿ ಎಷ್ಟೋ ಮರೆತಿದ್ದೇನೆ. ಈ ಎರಡು ಮಾತು ಮರೆತಿಲ್ಲ. ಅನ್ನ ಬೆಂದಿತು, ಎಂದಿನಂತೆ ಅರೆಬರೆ. ಎಲೆ ಹಾಕುವಾಗ ಸಿದ್ದಮ್ಮ ಒಂದು ಎಲೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿಗೆ ನಡೆದಳು. ಅಪ್ಪ ಅಡ್ಡ ನಿಂತರು.

"ಸಿದ್ದಮ್ಮ, ನಿಮ್ಮ ಎಲೆ ಇಲ್ಲಿ ಹಾಕಿದೆ."

"ಬ್ಯಾಡಿ ಸಾ. ನಿಮ್ಮಣ್ಣೋರ್ ನೋಡ್ತಾವ್ರೆ."

"ನೋಡ್ಲಿ."

ಅವಳು ಕೂತಳು. ಪಕ್ಕದಲ್ಲಿ ಅಪ್ಪ ಕೂತರು. ತಮ್ಮ ಇನ್ನೊಂದು ಮಗ್ಗುಲಿಗೆ ಇನ್ನೂ ಒಂದು ಎಲೆ ಹಾಕಿಸಿ, ಬಾಗಿಲ ಕಡೆ ತಿರುಗಿದರು.

"ಅಣ್ಣಯ್ಯ, ಬಾ. ನಿಂಗೂ ಎಲೆ ಆಕದೆ."

ದೊಡ್ಡಪ್ಪ ಹೊಸಿಲ ಆಚೆ ಎದ್ದು ನಿಂತಿದ್ದರು.

"ಯೋಚ್ನೆ ಮಾಡಿ ಕುಂತಿದ್ದೀಯೇನ್ಲಾ?"

"ಊಂ ಕಣಣ್ಣಯ್ಯ."

"ಅವ್ವ?"

ಅಪ್ಪ ಕೈ ಮುಗಿದು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ನಾಲ್ಕು ಮಾತಿನ ಪ್ರಾರ್ಥನೆ ಅದು, ನಮಗೆಲ್ಲ ಬಾಯಿಪಾಠ. ಎರಡನೆಯ ಮಾತು ಮುಗಿಯುವಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು. ಮಿಕ್ಕ ಎರಡು ಮಾತನ್ನು ಸಾಲಿನವರೆಲ್ಲ ಸೇರಿ ಮುಗಿಸಿದರು. ಬಡಿಸಲು ಬಂದ ಅಮ್ಮ ಸಾರನ್ನು ಎಲೆಯ ಆಚೆಗೆ ಚೆಲ್ಲಿದಳು. ಗೆದ್ದವಳ ಕೈಯಂತೆ ಇರಲಿಲ್ಲ ಅದು. ಅಪ್ಪ ತುತ್ತು ಕಲಸಿದರು, ಕಲಸುತ್ತಲೇ ಇದ್ದರು, ಎರಡೋ ಮೂರೋ ತುತ್ತು ಬಾಯಿಗೆ ಹೋಯಿತೋ ಇಲ್ಲವೋ. ಹನ್ನೆರಡು ವರ್ಷ ಕಾದು ಸಿಕ್ಕಿದ ತಾಯಿಯನ್ನು ಅವರು ನಮ್ಮೆಲ್ಲರ ಕಣ್ಣೆದುರೇ ಕಳೆದುಕೊಳ್ಳುತ್ತಿದ್ದರು. ಅದು ಎಂಟೊಂಬತ್ತು ವರ್ಷದ ನನಗೂ ಅರ್ಥವಾಗಿ, ಅಳು ತಡೆಯಲಾಗದೆ, ಎಲೆ ಬಿಟ್ಟು ಮುಂದಿನ ಬಾಗಿಲಿಗೆ ಓಡಿದೆ.

ದೊಡ್ಡಪ್ಪ ಹೋಗಿರಲಿಲ್ಲ. ಜಗಲಿಯ ತುದಿಯಲ್ಲಿ, ತಲೆಗೆ ಟವೆಲ್ಲು ಹಾಕಿಕೊಂಡು, ಚಪ್ಪಲಿ ಮೆಟ್ಟಿದ ಕಾಲನ್ನು ಇಳಿಬಿಟ್ಟು ಕೂತಿದ್ದರು.

"ಆಯ್ತೇನವ್ವ ಉಂಡು?" ಎಂದರು. "ಬಸ್ಸಿಗೊತ್ತಾಯ್ತದೆ. ನಿಮ್ಮಪ್ಪನ್ನ ಕರಿ."

ಅಮ್ಮ ಓಡಿ ಬಂದು, ಏನು ಕೊಡಬಹುದು ಏನು ಕೊಡಬಾರದು ಎಂದು ಒಂದು ಕ್ಷಣ ಯೋಚಿಸಿ, ಎರಡು ಬಾಳೆಹಣ್ಣು ತಂದು ಕೊಟ್ಟಳು. ಹಣ್ಣಿಗೆ ಮೈಲಿಗೆ ಇಲ್ಲ. ದೊಡ್ಡಪ್ಪ ಅದನ್ನು ತೆಗೆದುಕೊಂಡು ಅಲ್ಲೇ ತಿಂದರು. ಅಮ್ಮನಿಗೆ ಡ್ಯೂಟಿ ಇತ್ತು. ಅಪ್ಪನ ಜೊತೆ ನಾನು ಹೊರಟೆ. ನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ಸೇತುವೆಯ ಮೇಲೆ ಬಸ್ಸು ಹೋಗುವಾಗ, ಕೂಡುವ ಹೊಳೆಗಳ ಕಡೆ ಮುಖ ಮಾಡಿಕೊಂಡೇ ದೊಡ್ಡಪ್ಪ ಬಾಯಿ ಬಿಟ್ಟರು.

"ಬುಟ್ಟಿವ್ನಿ ಅಂತ ಒಂದ್ ಸುಳ್ ಏಳ್ಬುಡಾಕ್ಕೆ ನಿಂಗೇನ್ಲಾ ದಾಡಿ? ನಾನೇ ಏಳ್ತೀನಿ ಬುಡು. ನೀನ್ ಬಾಯ್ ಮುಚ್ಕಂಡಿರು ಸಾಕು."

ಅಪ್ಪ ಅಣ್ಣನ ಕೈಯನ್ನು ಹಿಡಿದುಕೊಂಡರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಊರು ತಲುಪಿದಾಗ ಇಳಿಹೊತ್ತಿನ ಬಿಸಿಲು. ಪಡಸಾಲೆಯಲ್ಲಿ ಚಾಪೆಯ ಮೇಲೆ, ಗೋಡೆಗೆ ಒರಗಿ ಅಜ್ಜಿ ಕೂತಿದ್ದಳು. ಇಷ್ಟು ಚಿಕ್ಕ ಹೆಂಗಸಿಗೆ ಇಷ್ಟು ಎತ್ತರದ ಇಬ್ಬರು ಮಕ್ಕಳೇ ಎನಿಸಿತು. ಹಿಂದೆ ದೊಡ್ಡಪ್ಪನ ಹೆಂಡತಿ, ನನ್ನ ಇನ್ನೊಬ್ಬ ದೊಡ್ಡಮ್ಮ, ಸೆರಗು ಹೊದ್ದು ನಿಂತಿದ್ದಳು, ಬಾಗಿಲಾಚೆ ನಾಲ್ಕೈದು ಜನ ಕುಲಸ್ಥರು. ಅಪ್ಪ ಹೊಸಿಲ ಹೊರಗೇ ನಿಂತರು.

"ಬಂದವ್ನೆ ಕಣವ್ವ ಪುಟ್ಟಸ್ವಾಮಿ," ಎಂದರು ದೊಡ್ಡಪ್ಪ, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ಅದ್ನೆಲ್ಲ ಬುಟ್ಟವ್ನೆ."

ಅಜ್ಜಿ ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿದಳು.

"ಅವನ್ ಬಾಯಲ್ಲೇ ಏಳ್ಲಿ. ಇವತ್ ಯಾರ್ ಜೊತೇಲ್ ಉಂಡ್ಲಾ ಮಗ?"

ದೊಡ್ಡಪ್ಪ ಅಪ್ಪನ ಕಡೆ ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುಮ್ಮನಿರು ಎಂದು ಬೇಡುತ್ತಿತ್ತು ಅದು. ಅಪ್ಪ ಅಜ್ಜಿಯ ಕಡೆ ತಿರುಗಿದರು.

"ಸಿದ್ದಮ್ಮ ಅಂತ ಅವ್ಳೆ ಕಣವ್ವ. ಆಸ್ಪತ್ರೇಲಿ ಆಯಾ. ಕೇರಿಯೋಳು. ಅವ್ಳ್ ಪಕ್ಕದಲ್ ಕುಂತ್ ಉಂಡೆ. ಮುಂದ್ಲ ವಾರಾನೂ ಉಣ್ತೀನಿ."

ಹೊರಗೆ ನಿಂತವರಲ್ಲಿ ಗುಸುಗುಸು ಎದ್ದಿತು. ದೊಡ್ಡಪ್ಪ ತಲೆ ತಗ್ಗಿಸಿದರು. ಅಜ್ಜಿ ತನ್ನ ಸೀರೆಯ ಅಂಚನ್ನು ಬೆರಳಿನಿಂದ ನೇವರಿಸಿದಳು.

"ನಾನಾಗಿದ್ರೆ ಉಣ್ತಿರ್ನಿಲ್ಲ," ಎಂದಳು.

ಅಪ್ಪ ನನ್ನ ಕೈ ಹಿಡಿದು ಹಿಂದಕ್ಕೆ ತಿರುಗುವವರಿದ್ದರು.

"ಒಟ್ಟೆ ತುಂಬ ಉಂಡ್ಯಾ?"

"ಉಂಡೆ ಕಣವ್ವ."

"ಬಾ ಇಲ್ಲಿ."

ಅಪ್ಪ ಹೊಸಿಲು ದಾಟಿ ಚಾಪೆಯ ಪಕ್ಕ ಮೊಣಕಾಲೂರಿ ಕೂತರು. ಅಜ್ಜಿ ಕೈ ಚಾಚಿ, ಮುಖ ಮುಟ್ಟಲಿಲ್ಲ, ತಲೆ ಮುಟ್ಟಲಿಲ್ಲ, ನಲವತ್ತು ವರ್ಷದ ಮೇಷ್ಟ್ರ ಜುಬ್ಬದ ಮೇಲೆ ಅಂಗೈ ಇಟ್ಟು ಹೊಟ್ಟೆಯನ್ನು ತಡವಿ ನೋಡಿದಳು.

"ಸುಳ್ಳ. ಬೆನ್ನಿಗಂಟ್ಕಂಡದೆ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ಹೊರಗಿದ್ದವರಿಗೂ ಕೇಳುವಂತೆ ಹೇಳಿದಳು. "ನನ್ ಮಗೀಗೆ ಇಟ್ ಇಕ್ಕವ್ವ. ನಂಗೂ ಇಲ್ಲೇ ತಾ. ಇವನ್ ಜೊತೇಲೇ ಉಣ್ತೀನಿ."

ಒಳಗಿನಿಂದ ಎರಡು ತಟ್ಟೆ ಬಂದವು, ಬಿಸಿ ಮುದ್ದೆ, ಉಪ್ಪೆಸರು. ಅಜ್ಜಿ ಅಪ್ಪನ ತಟ್ಟೆಯಿಂದ ಒಂದು ತುತ್ತು ಮುರಿದು ನನ್ನ ಬಾಯಿಗಿಟ್ಟಳು. ಮೊದಲ ಸಭೆಗಳ ಕಥೆ ಕೇಳುವಾಗ ಮೈಗೆ ಹತ್ತುತ್ತಿದ್ದ ಜುಮ್ಮು ಅಲ್ಲಿ, ಆ ಪಡಸಾಲೆಯಲ್ಲಿ, ಹೊಗೆ ಹಿಡಿದ ಆ ಗೋಡೆಗಳ ನಡುವೆ ನನಗೆ ಹತ್ತಿತು. ಬಾಗಿಲಾಚೆಯ ಕುಲಸ್ಥರು ಒಬ್ಬೊಬ್ಬರಾಗಿ ಎದ್ದು ಹೋದರು. ದೊಡ್ಡಪ್ಪ ಮಾತ್ರ ನಿಂತೇ ಇದ್ದರು. ಆಮೇಲೆ ಹೆಗಲ ಟವೆಲ್ಲನ್ನು ಕೊಡವಿ, ಕೈ ತೊಳೆದುಕೊಂಡು ಬಂದು, ಅಪ್ಪನ ಪಕ್ಕದಲ್ಲಿ ಕೂತರು.